ಹದಿನೇಳನೇ ನಂಬರಿನ ಹಾಜರಿ

ಸೆಮಿನಾರ್ ಹಾಲಿನ ಕಿಟಕಿಗಳಿಗೆ ಇನ್ನೂ ಗಾಜು ಹಾಕಿರಲಿಲ್ಲ. ಬೈಲಹೊಂಗಲದ ಹತ್ತಿ ಬಿಡಿಸುವ ಜಿನ್‌ಗಳ ಕಡೆಯಿಂದ ಬೀಸುವ ಗಾಳಿಯಲ್ಲಿ ಬಿಳಿ ಎಳೆಗಳು ತೇಲಿ ಒಳಗೆ ಬಂದು ಕುರ್ಚಿಗಳ ಮೇಲೆ, ಕಪ್ಪು ಹಲಗೆಯ ಅಂಚಿನ ಮೇಲೆ, ನನ್ನ ನೋಟ್‌ಬುಕ್ಕಿನ ಮೇಲೆ ಕೂರುತ್ತಿದ್ದವು. ಊದಿದರೆ ಏಳುತ್ತಿದ್ದವು, ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ಕೂರುತ್ತಿದ್ದವು. ಹನ್ನೊಂದು ದಿನಗಳ ಹಿಂದೆ ಆ ಕ್ಯಾಂಪಸ್ಸಿನಲ್ಲಿ ಕಳೆದ ಎರಡು ಗಂಟೆಗಳನ್ನು ನಿಮಿಷ ನಿಮಿಷವಾಗಿ ಮತ್ತೆ ಜೋಡಿಸಿ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹಾಲಿನಲ್ಲಿ ನಾನೊಬ್ಬಳೇ ಇದ್ದೆ.

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ರಸ್ತೆಯ ಬದಿಯ ಸ್ನಾತಕೋತ್ತರ ಕೇಂದ್ರ ಅದು. ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ, ದಿನ ವೇದಿಕೆಯ ಮೇಲೆ ಯಾರು ಮೊದಲು ಕುಣಿಯಬೇಕು ಎಂದು ಎರಡು ಗುಂಪುಗಳಿಗೆ ಜಗಳವಾಗಿತ್ತು. ಮರುದಿನ ಒಂದು ಗುಂಪಿನ ಪರವಾಗಿ ಹೊರಗಿನವರು ಬೈಕುಗಳ ಮೇಲೆ ಬಂದು ಕಲ್ಲು ತೂರಿದರು, ಕಬ್ಬಿಣದ ಸಲಾಕೆ ಬೀಸಿದರು. ಕೆಲವರ ತಲೆ ಒಡೆಯಿತು, ಒಬ್ಬ ಅಧ್ಯಾಪಕರ ಕೈ ಮುರಿಯಿತು. ಎಲ್ಲರಿಗಿಂತ ಹೆಚ್ಚು ಪೆಟ್ಟಾದದ್ದು ನೇಸರಗಿಯಿಂದ ಬಸ್ಸಿನಲ್ಲಿ ಬರುವ ಇತಿಹಾಸ ಎಂ.ಎ. ವಿದ್ಯಾರ್ಥಿನಿಗೆ. ತಪ್ಪಿತಸ್ಥರನ್ನು ಪೊಲೀಸರು ಹುಡುಕುತ್ತಿದ್ದರು. ಒಳಗಿದ್ದ ನಾವು ಏನು ಮಾಡಿದೆವು, ಏನು ಮಾಡಲಿಲ್ಲ ಎಂಬುದರ ದಾಖಲೆ ಬೇಕು, ಅದರ ಆಧಾರದ ಮೇಲೆ ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕೆಂಬ ಯೋಜನೆ ಬೇಕು ಎಂದು ಕೇಂದ್ರದ ಮುಖ್ಯಸ್ಥರು ಸವದತ್ತಿಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದರು. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಇದ್ದವಳು, ಯಾರ ಕಡೆಯವಳೂ ಅಲ್ಲ ಎಂಬುದು ಅವರು ಕೊಟ್ಟ ಕಾರಣ.

ಮೊದಲು ಗಡಿಯಾರಗಳನ್ನು ಸರಿಪಡಿಸಿಕೊಂಡೆ. ಕಚೇರಿಯ ಗೋಡೆ ಗಡಿಯಾರ ಏಳು ನಿಮಿಷ ಮುಂದಿತ್ತು. ಗೇಟಿನ ಕ್ಯಾಮೆರಾ ಇಪ್ಪತ್ತೆರಡು ನಿಮಿಷ ಹಿಂದಿತ್ತು. ಎರಡನ್ನೂ ಜನರ ಮೊಬೈಲಿನಲ್ಲಿ ಉಳಿದಿದ್ದ ಕರೆಗಳ ಸಮಯಕ್ಕೆ ಹೊಂದಿಸಿದೆ. ಪುಟಕ್ಕೆ ಮೂರು ಕಾಲಂ ಗೆರೆ ಎಳೆದೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಒಂದು ಸಂಗತಿ ಮೊದಲ ಕಾಲಂಗೆ ಹೋಗಬೇಕಾದರೆ ಇಬ್ಬರು ಬೇರೆ ಬೇರೆಯಾಗಿ ಹೇಳಬೇಕು, ಇಲ್ಲವೇ ಬರವಣಿಗೆಯ ಪುರಾವೆ ಇರಬೇಕು.

ಜನ ಹೇಳುತ್ತಿದ್ದ ರೀತಿ ಮಾತ್ರ ಈ ಗೆರೆಗಳಿಗೆ ಸಿಗುತ್ತಿರಲಿಲ್ಲ. ಎಲ್ಲರೂ ಕನಸು ಹೇಳುವವರ ಹಾಗೆ ಅರೆಗಣ್ಣು ಮುಚ್ಚಿ ಹೇಳುತ್ತಿದ್ದರು. ಒಬ್ಬರಿಗೆ ಅದೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿತ್ತು. ಇನ್ನೊಬ್ಬರಿಗೆ ಕಲ್ಲುಗಳು ಪಾರಿವಾಳಗಳ ಹಾಗೆ ನಿಧಾನ, ಬಿಸಿಲಿನಲ್ಲಿ ತಿರುಗುತ್ತ ಬಂದಿದ್ದವು. ಗಾಜು ಒಡೆದ ಸದ್ದು ಯಾರಿಗೂ ನೆನಪಿರಲಿಲ್ಲ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಾಕಿಕೊಂಡು ಹೋದದ್ದು ಎಲ್ಲರಿಗೂ ನೆನಪಿತ್ತು. ನಾನು ಹಾಡನ್ನು ಬಿಟ್ಟು ಟ್ರ್ಯಾಕ್ಟರನ್ನು ಬರೆದುಕೊಂಡೆ. ಗೇಟಿನ ಕ್ಯಾಮೆರಾದಲ್ಲಿ ಅದು ಇತ್ತು. 11.52.

ಹೀಗೆ ಎಂಟು ಪುಟ ತುಂಬಿದವು. 11.48ಕ್ಕೆ ಬೈಕುಗಳು ಬಂದವು. 11.55ಕ್ಕೆ ಗ್ರಂಥಾಲಯದ ಅಟೆಂಡರ್, ಮೇಲಿನವರು ಹೇಳಿದಂತೆ, ಗ್ರಂಥಾಲಯಕ್ಕೂ ಪಕ್ಕದ ಹಳೇ ಪುಸ್ತಕಗಳ ಕೋಣೆಗೂ ಹೊರಗಿನಿಂದ ಚಿಲಕ ಹಾಕಿದರು. ವಿದ್ಯಾರ್ಥಿಗಳನ್ನು ಹಿಂದಿನ ಸೆಮಿನಾರ್ ಹಾಲಿಗೆ ಸೇರಿಸಿದರು. 12.10ಕ್ಕೆ ಇತಿಹಾಸದ ಅಧ್ಯಾಪಕರು ಯಾರೂ ಹೊರಗೆ ಉಳಿಯಬಾರದೆಂದು ತಮ್ಮ ತರಗತಿಯ ಹಾಜರಿ ಕರೆದರು. 1.50ಕ್ಕೆ ಅಟೆಂಡರ್ ಬೀಗ ಹಾಕಲು ಬಂದಾಗ ಹಳೇ ಪುಸ್ತಕಗಳ ಕೋಣೆಯ ಮುಂದೆ ಏಳು ಚೀಟಿ ಬಿದ್ದಿದ್ದವು. ಪುಸ್ತಕದ ಹಿಂದೆ ಅಂಟಿಸುವ, ವಾಪಸು ಕೊಡಬೇಕಾದ ದಿನ ಬರೆಯುವ ಚೀಟಿಗಳು. ಗಾಳಿಗೆ ಬಂದಿರಬೇಕೆಂದು ಆರಿಸತೊಡಗಿದರಂತೆ. ಏಳನೆಯದನ್ನು ಎತ್ತುವಾಗ ಬಾಗಿಲ ಕೆಳಗಿನಿಂದ ಎರಡು ಬೆರಳು ಕಂಡವು.

ಒಳಗೆ ನೇಸರಗಿಯ ಹುಡುಗಿ ಇದ್ದಳು. ಹಾಜರಿಯಲ್ಲಿ ಹದಿನೇಳನೇ ನಂಬರು. ಕಬ್ಬಿಣದ ರ್‍ಯಾಕ್ ಕಾಲಿನ ಮೇಲೆ ಬಿದ್ದಿತ್ತು, ಕಲ್ಲಿಗೆ ಒಡೆದ ಕಿಟಕಿಯ ಗಾಜು ಬಲಗೈಯನ್ನು ಮೊಣಕೈಯಿಂದ ಕೆಳಗೆ ಸೀಳಿತ್ತು. ಕೂಗಿ ಕೂಗಿ ದನಿ ಹೋದ ಮೇಲೆ ಎಡಗೈಯಿಂದ ಒಂದೊಂದೇ ಚೀಟಿ ಹೊರಗೆ ತಳ್ಳಿದ್ದಳು.

ನಾನು ತಪ್ಪು ಮಾಡಿದ್ದು ಇಲ್ಲಿ. ಹಾಜರಿ ಪುಸ್ತಕದಲ್ಲಿ ಆ ದಿನದ ಕಾಲಂನಲ್ಲಿ ಹದಿನೇಳರ ಮುಂದೆ ‘ಪಿ’ ಇತ್ತು, ಹಾಜರು ಎಂದು. ನೀಲಿ ಮಸಿ, ತಿದ್ದುಪಡಿ ಇಲ್ಲ. ಹನ್ನೆರಡು ಹತ್ತಕ್ಕೆ ಹಾಲಿನಲ್ಲಿ ಇದ್ದವಳು ಒಂದು ಐವತ್ತಕ್ಕೆ ಆ ಕೋಣೆಯಲ್ಲಿ ಸಿಕ್ಕಳೆಂದರೆ ನಡುವೆ ತಾನೇ ಎದ್ದು ಹೋಗಿರಬೇಕು. ಚಿಲಕವನ್ನು 11.55ಕ್ಕೇ ಹಾಕಿದೆನೆಂದು ಅಟೆಂಡರ್ ಹೇಳಿದ್ದರಲ್ಲ ಎಂದು ಮತ್ತೊಮ್ಮೆ ಕೇಳಿದೆ. ಅಷ್ಟರಲ್ಲಿ ಕಚೇರಿಯವರು ಅವರ ಜೊತೆ ಮಾತಾಡಿದ್ದರು. ಗುತ್ತಿಗೆಯ ಮೇಲೆ ಇರುವ ಮನುಷ್ಯ. ಕೈಯಲ್ಲಿದ್ದ ಚಾವಿಗೊಂಚಲು ನೋಡುತ್ತ, “ಆಫೀಸಿನವರು ಆಮ್ಯಾಲೆ ಹಾಕೀದಿ ಅಂದ್ರ ಆಮ್ಯಾಲೇ ಹಾಕಿರಬೇಕ್ರಿ ಅಕ್ಕಾರ. ನನಗ ಅವತ್ತಿಂದು ಎಲ್ಲಾ ಕಲಸಿಹೋಗೇತಿ,” ಎಂದರು. ಬರೆದದ್ದು ದೊಡ್ಡದು, ನೆನಪು ಸಣ್ಣದು ಎಂಬುದು ಡೆಸ್ಕಿನ ಅಭ್ಯಾಸ. ಮೊದಲ ಕರಡಿನ ‘ಕಂಡದ್ದು’ ಕಾಲಂನಲ್ಲಿ ಬರೆದೆ: ‘12.10. ನಂ. 17 ಹಾಲಿನಲ್ಲಿ ಹಾಜರು. ಮೂಲ: ಹಾಜರಿ ಪುಸ್ತಕ.’

ಮುಖ್ಯಸ್ಥರು ಆ ಪುಟದ ಪ್ರತಿಯನ್ನು ಹುಡುಗಿಯ ತಂದೆಗೆ ಕಳಿಸಿಬಿಟ್ಟಿದ್ದರು. ಅದು ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ಹುಡುಗಿಯೇ ಫೋನ್ ಮಾಡಿದಾಗ. ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಆಕೆ ಯಾರನ್ನು ಹುಡುಕಿಕೊಂಡು ಒಬ್ಬಳೇ ಹೋದಳು ಎಂದು ಓಣಿಯಲ್ಲಿ ಕೇಳತೊಡಗಿದ್ದರಂತೆ. ತಂದೆ ಏನೂ ಕೇಳಿರಲಿಲ್ಲ. ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲೆ ಇಟ್ಟು, ಇನ್ನು ಕಾಲೇಜು ಸಾಕು ಎಂದಷ್ಟೇ ಹೇಳಿದ್ದರು. ಹುಡುಗಿಯ ದನಿ ಇನ್ನೂ ಪೂರ್ತಿ ಬಂದಿರಲಿಲ್ಲ. ಹತ್ತಿಯ ಒಳಗಿಂದ ಮಾತಾಡಿದ ಹಾಗಿತ್ತು.

“ನಾ ಹಾಲ್‌ಗೆ ಬಂದೇ ಇಲ್ರಿ ಅಕ್ಕಾರ. ಹನ್ನೊಂದೂ ನಲವತ್ತಕ್ಕ ಪುಸ್ತಕ ವಾಪಸ್ ಕೊಡಾಕ ಹೋದಾಕಿ ಅಲ್ಲೇ ಇದ್ದೆ. ನೀವು ಬರದದ್ದು ಖರೆ ಆದ್ರ, ಚೀಟಿ ತಳ್ಳಿದಾಕಿ ಯಾರ್ರಿ?”

ಪ್ರಶ್ನೆಯನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದು ದಾಖಲೆಯ ಪ್ರಶ್ನೆ, ಅದಕ್ಕೆ ದಾಖಲೆಯೇ ಉತ್ತರ ಕೊಡಬೇಕಿತ್ತು. ಆದರೆ ಹುಡುಗಿ ಕಾಲೇಜಿಗೆ ಮರಳುವಳೋ ಇಲ್ಲವೋ ಎಂಬುದು ಈಗ ನಾನು ಬರೆದ ಒಂದು ಸಾಲಿನ ಮೇಲೆ ನಿಂತಿತ್ತು.

ಹಾಲಿನಲ್ಲಿ ಆ ದಿನ ಹದಿನೇಳರ ಪಕ್ಕದಲ್ಲಿ ಕೂರಬೇಕಾಗಿದ್ದವಳು ಹದಿನೆಂಟನೇ ನಂಬರಿನವಳು. ತರಗತಿಯಲ್ಲಿ ಇಬ್ಬರದೂ ಒಂದೇ ಬಾಕು, ಒಂದೇ ಬೆಂಚು. ಆಕೆ ಹಾಸ್ಟೆಲ್ ಬಿಟ್ಟು ರಾಮದುರ್ಗದ ತನ್ನ ಮನೆಗೆ ಹೋಗಿದ್ದಳು. ಮರುದಿನ ಸವದತ್ತಿಯಿಂದ ಮೊದಲ ಬಸ್ ಹಿಡಿದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಂಜಿನಲ್ಲಿ ಬುಡವಿಲ್ಲದೆ ತಿರುಗುತ್ತಿದ್ದವು. ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿದ್ದರು. ಒಂದು ರೆಕ್ಕೆ ಮಂಜಿನಿಂದ ಹೊರಬಂದು, ಕೆಳಗಿಳಿದು, ಮತ್ತೆ ಮಂಜಿನೊಳಗೆ ಹೋಗುತ್ತಿತ್ತು. ಏನನ್ನೋ ಎಣಿಸುತ್ತ ಎಣಿಸುತ್ತ ಮರೆತು ಮತ್ತೆ ಒಂದರಿಂದ ಶುರುಮಾಡುವವರ ಹಾಗೆ.

ರಾಮದುರ್ಗದಲ್ಲಿ ಅವರದು ನೇಕಾರರ ಮನೆ. ಎರಡು ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಒಂದನ್ನಾದರೂ ನಿಲ್ಲಿಸಬೇಕು. ತಾಯಿ ಒಂದನ್ನು ನಿಲ್ಲಿಸಿ ಚಹಾ ತಂದುಕೊಟ್ಟರು. ಹುಡುಗಿ ನನ್ನ ಎದುರು ಕೂತು, ಕೇಳಿದ್ದಕ್ಕೆಲ್ಲ ಹೌದು ಇಲ್ಲ ಎನ್ನುತ್ತಿದ್ದಳು. ಹಾಜರಿ ಕರೆದಾಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದೆ. ನೆನಪಿಲ್ಲ ಎಂದಳು. ಅಷ್ಟರಲ್ಲಿ ತಾಯಿ ಒಳಗಿನಿಂದ ಉಪ್ಪಿಟ್ಟು ತರಲು ಎರಡು ಸಲ ಕರೆದರು. ಆಕೆ ಓಗೊಡಲಿಲ್ಲ. ಮೂರನೇ ಸಲ ತಾಯಿಯೇ ಬಟ್ಟಲು ಹಿಡಿದುಕೊಂಡು ಬಂದರು.

“ನೋಡ್ರಿ ಅಕ್ಕಾರ, ಮನ್ಯಾಗ ಹತ್ತ ಸಲ ಕರದ್ರ ಒಂದ್ ಸಲ ಓ ಅನ್ನೂದಿಲ್ಲ ಈಕಿ. ಕಾಲೇಜಿನ್ಯಾಗ ಮಾತ್ರ ಇಬ್ಬರ ಪಾಲಿಂದು ಓ ಅಂತಾಳಂತ. ತನ್ನದೊಂದು, ಗೆಳತಿದೊಂದು.”

ನಗುತ್ತಲೇ ಹೇಳಿದರು, ಮಗಳು ಹಿಂದೆಂದೋ ಹೆಮ್ಮೆಯಿಂದ ಹೇಳಿಕೊಂಡಿದ್ದ ಮಾತನ್ನು. ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿದರು. ಉಳಿದ ಒಂದು ಮಗ್ಗ ಮಾತ್ರ ನಡೆಯುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ.

ಆಮೇಲೆ ಆಕೆ ಎಲ್ಲವನ್ನೂ ಹೇಳಿದಳು. ಮೊದಲ ತರಗತಿ ಹತ್ತಕ್ಕೆ. ಕಬ್ಬಿನ ಹಂಗಾಮು ಶುರುವಾದರೆ ನೇಸರಗಿಯ ಬಸ್ಸಾಗಲಿ, ಎಂ.ಕೆ. ಹುಬ್ಬಳ್ಳಿಯ ಬಸ್ಸಾಗಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಹತ್ತೂವರೆಗಿಂತ ಮೊದಲು ಬರುವುದಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾಗಿ ಬಾಕಿನಲ್ಲಿ ಇದ್ದವರು ಬಸ್ಸಿನಲ್ಲಿ ಇದ್ದವರ ಪರವಾಗಿ ‘ಎಸ್ ಸರ್’ ಅನ್ನುತ್ತಾರೆ, ಸ್ವಲ್ಪ ದನಿ ಬದಲಿಸಿ. ಇದಕ್ಕೆ ಯಾರೂ ಯಾರನ್ನೂ ಕೇಳಿಕೊಳ್ಳಬೇಕಿಲ್ಲ. ಅದು ಬಾಕಿನ ಧರ್ಮ. ಆ ದಿನ ಹಾಲಿನಲ್ಲಿ ಆಕೆ ಕಿವಿ ಮುಚ್ಚಿಕೊಂಡು ಕೂತಿದ್ದಳು. ಹದಿನೇಳು ಎಂಬುದು ಕೇಳಿಸಿತು. ಬಾಯಿ ತಾನಾಗಿ ಅಂದುಬಿಟ್ಟಿತು.

“ನಾ ಅಂದದ್ದು ನನಗ ಗೊತ್ತಾಗಿದ್ದು ಆಕಿನ್ನ ಎತ್ಕೊಂಡು ಹೋಗುವಾಗ್ರಿ,” ಎಂದಳು. ಆಮೇಲೆ, “ನನ್ನ ಹೆಸರ ಬರೀತೀರೇನ್ರಿ?” ಎಂದು ಕೇಳಿದಳು.

ಮರಳುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಹೆಸರು ಬರೆದರೆ ಸಾಲು ಸರಿಯಾಗುತ್ತಿತ್ತು, ಆದರೆ ತಪ್ಪು ಒಬ್ಬ ಹುಡುಗಿಯಿಂದ ಇನ್ನೊಬ್ಬ ಹುಡುಗಿಯ ಮೇಲೆ ಸರಿದು ನಿಲ್ಲುತ್ತಿತ್ತು. ಬರೆಯದಿದ್ದರೆ ಹಾಜರಿ ಪುಸ್ತಕದ ನೀಲಿ ಮಸಿಯ ಎದುರು ಹದಿನೇಳನೆಯವಳ ಮಾತು ಬಿಟ್ಟರೆ ನನ್ನ ಬಳಿ ಇದ್ದದ್ದು ಒಂದೇ ಮೂಲ, ಅದೂ ಹೆಸರಿಲ್ಲದ್ದು. ನವಿಲುತೀರ್ಥ ಅಣೆಕಟ್ಟಿನ ನೀರು ದೂರದಲ್ಲಿ ಹೊಳೆಯುತ್ತಿತ್ತು. ಹಾಜರಿ ಪುಸ್ತಕವನ್ನೇ ಸಾಕ್ಷಿಕಟ್ಟೆಗೆ ಕರೆಯಬೇಕು ಎಂದು ಆಗ ತೋಚಿತು.

ತರಗತಿಗಳು ಮತ್ತೆ ಶುರುವಾದ ಮೊದಲ ದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಮುಖ್ಯಸ್ಥರನ್ನು ಕರೆದುಕೊಂಡು ಇತಿಹಾಸ ತರಗತಿಯ ಹಿಂದಿನ ಬಾಗಿಲ ಹೊರಗೆ ನಿಂತೆ. ಅಧ್ಯಾಪಕರಿಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ಅವರು ತಲೆ ಎತ್ತುತ್ತಿದ್ದರು. ಇದು ಸರಿಯೇ ಎಂದು ಹಿಂದಿನ ದಿನ ನನ್ನನ್ನೇ ಕೇಳಿಕೊಂಡಿದ್ದೆ. ಪೂರ್ತಿ ಸರಿಯಲ್ಲ ಎಂಬ ಉತ್ತರ ಬಂದಿತ್ತು. ಆದರೂ ನಿಂತೆ.

ಅವರು ಪುಸ್ತಕದ ಮೇಲೆ ಬಾಗಿ ಒಂದರಿಂದ ಐವತ್ತೆರಡರವರೆಗೆ ಕರೆದರು. ಹದಿನೇಳು, ಹದಿನೆಂಟು, ಎರಡಕ್ಕೂ ದನಿ ಬರಲಿಲ್ಲ. ಬೇರೆ ನಾಲ್ಕು ನಂಬರಿಗೂ ಬರಲಿಲ್ಲ. ಉಳಿದವು ಒಂದರ ಹಿಂದೊಂದು ಬಂದವು, ತೆಳ್ಳಗೆ, ದಪ್ಪಗೆ, ಕೆಲವು ಒಂದೇ ಗಂಟಲಿನಿಂದ. ನಲವತ್ತಾರು ದನಿ. ತಲೆ ಎಣಿಸಿದೆ. ಮೂವತ್ತೇಳು. ಮುಖ್ಯಸ್ಥರು ಬೆರಳು ಮಡಚುತ್ತ ಎರಡು ಸಲ ಎಣಿಸಿದರು. ಮೂರನೇ ಸಲ ಎಣಿಸಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಅಧ್ಯಾಪಕರನ್ನು ಅವರ ಕೋಣೆಯಲ್ಲಿ ಕಂಡು ಎಲ್ಲ ಹೇಳಿದೆವು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಹಾಜರಿ ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದರು.

“ನನಗ ಗೊತ್ತಿತ್ರಿ,” ಎಂದರು. “ಬಸ್ ತಡಾ ಆದ್ರ ಹುಡುಗರ್ದೇನ್ ತಪ್ಪು? ನಾನೂ ಟ್ರ್ಯಾಕ್ಟರ್ ಹಿಂದ ನಿಂತು ಕಲ್ತಾಂವ. ಅದಕ್ಕ ತಲಿ ಎತ್ತತಿದ್ದಿಲ್ಲ. ಅವತ್ತರ ಎತ್ತಬೇಕಾಗಿತ್ತು.”

ಈ ಕೊನೆಯ ಮಾತನ್ನು ನಾನು ದಾಖಲೆಗೆ ಸೇರಿಸಲಿಲ್ಲ. ಸೇರಿಸಿದ್ದು ಇಷ್ಟು: ‘12.10ಕ್ಕೆ ಹಾಜರಿ ಕರೆಯಲಾಯಿತು. ದನಿಗಳನ್ನು ಕೇಳಿ ಗುರುತು ಹಾಕಲಾಯಿತು, ತಲೆ ಎಣಿಸಲಿಲ್ಲ. ತಡವಾಗಿ ಬರುವವರ ಪರವಾಗಿ ಬಾಕಿನವರು ಓಗೊಡುವುದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ರೂಢಿ. ನಂ. 17 ಹಾಲಿಗೆ ಬಂದಿರಲಿಲ್ಲ. ಆಕೆ ಇದ್ದ ಕೋಣೆಗೆ 11.55ಕ್ಕೆ ಹೊರಗಿನಿಂದ ಚಿಲಕ ಹಾಕಲಾಗಿತ್ತು. ಹಿಂದಿನ ಪ್ರತಿಯ ಸಾಲು ತಪ್ಪು. ಅದನ್ನು ಬರೆದವಳು ನಾನು.’ ಅಟೆಂಡರ್‌ಗೆ ಓದಿ ಹೇಳಿದಾಗ ಅವರು ಚಾವಿಗೊಂಚಲನ್ನು ಮೇಜಿನ ಮೇಲಿಟ್ಟು, ಈಗ ತಮಗೂ ಎಲ್ಲ ಸ್ವಚ್ಛ ನೆನಪಾಗುತ್ತಿದೆ ಎಂದರು.

ಆ ಪುಟವನ್ನು ಅಂಚೆಯಲ್ಲಿ ಕಳಿಸುವುದು ಬೇಡವೆನಿಸಿತು. ನಾನೇ ನೇಸರಗಿಗೆ ಹೋದೆ. ತಂದೆ ಟೇಲರ್. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮನೆಯ ಕಟ್ಟೆಯ ಮೇಲೆಯೇ ಅವರ ಮಷಿನ್. ಸಂತೆಯ ದಿನ, ಹಾದುಹೋಗುವವರೆಲ್ಲ ಒಂದು ಕಣ್ಣು ಈ ಕಡೆ ಹಾಕುತ್ತಿದ್ದರು. ಅವರು ಕಾಗದ ಓದಿದರು. ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಓದ್ರಿ ಎಂದರು. ಓದಿದೆ. ಇನ್ನೊಮ್ಮೆ ಓದ್ರಿ ಎಂದರು. ಎದುರು ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಮಾತು ನಿಲ್ಲಿಸಿದ್ದರು. ಎರಡನೇ ಸಲ ಇನ್ನೂ ನಿಧಾನವಾಗಿ ಓದಿದೆ.

ಅವರು ಒಳಗೆ ಹೋಗಿ ಮೊದಲಿನ ಕಾಗದ ತಂದರು. ಅದನ್ನು ಹರಿದಿರಲಿಲ್ಲ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಬಿಡಿಸಿ, ಅದರ ಮೇಲೆ ಹೊಸದನ್ನು ಇಟ್ಟು, ಅಂಚು ಸೇರಿಸಿ, ಎರಡನ್ನೂ ಸೂಜಿಯ ಕೆಳಗೆ ಸರಿಸಿದರು. ಕಾಲು ಒತ್ತಿದಾಗ ಮಷಿನ್ ಒಂದು ಉದ್ದನೆಯ ಹೊಲಿಗೆ ಹಾಕಿತು.

“ಇನ್ನ ಬ್ಯಾರೆ ಬ್ಯಾರೆ ಓದಾಕ ಬರೂದಿಲ್ಲ,” ಎಂದು ದಾರ ಕಚ್ಚಿ ಹರಿದರು.

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಬಲಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ರಬ್ಬರ್ ಚೆಂಡು ಹಿಡಿದು ಒತ್ತುವ ಅಭ್ಯಾಸ ಮಾಡುತ್ತಿದ್ದಳು. ಯಾರು ಓಗೊಟ್ಟರೆಂದು ಬರೆದಿಲ್ಲವಲ್ಲ ಎಂದು ಕೇಳಿದಳು. ಇಲ್ಲ ಎಂದೆ. “ಚಲೋ ಆತು. ಆಕಿ ಊರಿಗೆ ಹೋದಾಗ ನಾ ಆಕಿ ಪಾಲಿಂದು ಎಷ್ಟ ಸಲ ಅಂದೇನೋ,” ಎಂದು ಚೆಂಡನ್ನು ಎಡಗೈಗೆ ಬದಲಿಸಿಕೊಂಡಳು.

ಇನ್ನು ಉಳಿದದ್ದು ಯೋಜನೆ. ಎಲ್ಲ ಕೋಣೆಗಳಿಗೂ ಒಳಗಿನಿಂದ ಹಾಕುವ ಚಿಲಕ. ಹೊರಗಿನ ಚಿಲಕ ಹಾಕುವ ಮೊದಲು ಒಳಗೆ ಹೋಗಿ ನೋಡಬೇಕೆಂಬ ನಿಯಮ. ರ್‍ಯಾಕ್‌ಗಳನ್ನು ಗೋಡೆಗೆ ಬಿಗಿಯುವ ಕ್ಲಾಂಪ್. ಯಾವ ಬಾಗಿಲಿಗೆ ಯಾರು, ಯಾರಿಗೆ ಯಾರು ಫೋನ್ ಮಾಡಬೇಕು. ಇವೆಲ್ಲ ಎರಡು ದಿನದಲ್ಲಿ ಆದವು. ಎಣಿಕೆಯ ವಿಷಯದಲ್ಲಿ ಮಾತ್ರ ಗಂಟು ಬಿತ್ತು. ಬದಲಿ ಹಾಜರಿ ಹೇಳಿದವರಿಗೆ ಶಿಕ್ಷೆ ಎಂದು ನೋಟಿಸು ಹಾಕಬೇಕೆಂಬುದು ಮುಖ್ಯಸ್ಥರ ಮನಸ್ಸಿನಲ್ಲಿತ್ತು. ನೋಟಿಸು ಹಾಕಿದರೆ ರೂಢಿ ಇನ್ನಷ್ಟು ಮೆಲ್ಲಗೆ ನಡೆಯುತ್ತದೆ, ಅಷ್ಟೇ ಎಂದೆ. ಅದರ ಬದಲು ಅವರು ಈಗಾಗಲೇ ಮಾಡುತ್ತಿರುವುದನ್ನೇ ನಿಯಮ ಮಾಡೋಣ: ಆಪತ್ತಿನ ಎಣಿಕೆಯಲ್ಲಿ ಯಾರೂ ತಮ್ಮ ನಂಬರಿಗೆ ಓಗೊಡುವಂತಿಲ್ಲ. ಬಾಕಿನ ಜೊತೆಗಾರರು ಓಗೊಡಬೇಕು, ಅವರ ಕೈ ಹಿಡಿದೆತ್ತಿ. ಹಿಡಿಯಲು ಕೈ ಇಲ್ಲದಿದ್ದರೆ ‘ಇಲ್ಲ’ ಎನ್ನಬೇಕು.

“ಅಂದ್ರ ಕಳ್ಳ ಹಾಜರಿಗೆ ನೀವು ಕಾಯ್ದೆ ಮಾಡಾಕ ಹತ್ತೀರಿ,” ಎಂದರು ಮುಖ್ಯಸ್ಥರು. ಆದರೆ ಸಹಿ ಹಾಕಿದರು. ಮೊದಲ ತರಗತಿಯನ್ನು ಕಬ್ಬಿನ ಹಂಗಾಮು ಮುಗಿಯುವವರೆಗೆ ಹತ್ತೂವರೆಗೆ ಸರಿಸುವ ಸಾಲಿಗೂ, ಅದನ್ನು ಎರಡು ಸಲ ಓದಿ, ಸಹಿ ಹಾಕಿದರು.

ಅಣಕು ಅಭ್ಯಾಸದ ದಿನ ಗೊತ್ತುಮಾಡಿದಾಗ ನೇಸರಗಿಯಿಂದ ಮತ್ತೆ ಫೋನ್ ಬಂತು. ಒಬ್ಬರನ್ನು ಬೇಕೆಂದೇ ಎಲ್ಲಾದರೂ ಅಡಗಿಸಿ ಇಡುತ್ತೀರಂತೆ, ಹೌದೇ ಎಂದು ಕೇಳಿದಳು. ಹೌದೆಂದೆ. ಹಾಗಾದರೆ ತಾನೇ ಕೂರುತ್ತೇನೆ, ಅದೇ ಕೋಣೆಯಲ್ಲಿ, ಎಂದಳು. ಹಿಂದೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. ಮತ್ತೆ ಮಷಿನ್ ಶುರುವಾಯಿತು. “ಅಪ್ಪ ಹೂಂ ಅಂದ್ರು,” ಎಂದಳು. ಅವರು ಬಾಯಿಬಿಟ್ಟು ಏನಾದರೂ ಅಂದರೋ ಇಲ್ಲವೋ ನನಗೆ ತಿಳಿಯದು. ‘ಕೇಳಿದ್ದು’ ಕಾಲಂನಲ್ಲಿ ಬರೆದುಕೊಂಡೆ.

ಆ ದಿನ ಆಕಾಶ ತಿಳಿಯಾಗಿತ್ತು. ಹೊಸ ಗಾಜಿನ ಮೂಲಕ ಬಿದ್ದ ಬಿಸಿಲು ಸೆಮಿನಾರ್ ಹಾಲಿನ ನೆಲದ ಮೇಲೆ ನೀರಿನ ಹಾಗೆ ಹರಡಿತ್ತು. ನೇಸರಗಿಯ ಹುಡುಗಿ ಬಂದಿರುವುದು ನನಗೆ, ಮುಖ್ಯಸ್ಥರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸೂಚನೆ ಕೊಟ್ಟ ಮೇಲೆ ಎಲ್ಲರೂ ಹಾಲಿಗೆ ಬಂದು ಕೂತರು. ಹುಡುಗರು ಕೈ ಹಿಡಿಯುವ ವಿಷಯಕ್ಕೆ ಒಬ್ಬರನ್ನೊಬ್ಬರು ಚುಚ್ಚಿ ನಗುತ್ತಿದ್ದರು. ಇತಿಹಾಸದ ಅಧ್ಯಾಪಕರು ಪುಸ್ತಕ ತೆರೆದರು. ಈ ಸಲ ನಿಂತುಕೊಂಡು, ಒಂದೊಂದು ನಂಬರಿಗೂ ತಲೆ ಎತ್ತಿ ಕರೆದರು. ಜೋಡಿ ಕೈಗಳು ಮೇಲೆದ್ದವು, ಇಳಿದವು. ನಗು ತಾನಾಗಿ ಕಡಿಮೆಯಾಯಿತು.

“ಹದಿನೇಳು.”

ರಾಮದುರ್ಗದ ಹುಡುಗಿ ಹಿಂದಿನ ದಿನವಷ್ಟೇ ಹಾಸ್ಟೆಲ್ಲಿಗೆ ಮರಳಿದ್ದಳು. ಆಕೆಯ ಪಕ್ಕದ ಜಾಗ ಖಾಲಿ ಇತ್ತು. ತುಟಿ ತೆರೆದದ್ದು ಕಂಡಿತು. ಹಳೇ ಅಭ್ಯಾಸ ಅಲ್ಲಿ, ತುಟಿಯ ಹಿಂದೆಯೇ ನಿಂತಿತ್ತು. ಬಿಸಿಲಿನಲ್ಲಿ ಒಂದು ಹತ್ತಿಯ ಎಳೆ ತೇಲಿ ಬಂದು ಖಾಲಿ ಜಾಗದ ಮೇಲೆ ಕೂತಿತು. ಆಕೆ ಅದನ್ನು ನೋಡಿದಳು.

“ಇಲ್ರೀ ಸರ್,” ಎಂದಳು. ಆಮೇಲೆ ಎದ್ದು ನಿಂತು, “ಹದಿನೇಳು ಇಲ್ಲ. ಆಕಿನ್ನ ಹುಡುಕ್ರಿ,” ಎಂದಳು.

ನಾನು ಸಮಯ ಗುರುತು ಮಾಡಿಕೊಂಡೆ. ಯೋಜನೆಯಲ್ಲಿದ್ದಂತೆ ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಹೋದರು. ಅಟೆಂಡರ್ ಎಲ್ಲರಿಗಿಂತ ಮುಂದೆ ಇದ್ದರು. ರಾಮದುರ್ಗದ ಹುಡುಗಿ ಯಾರ ಅಪ್ಪಣೆಯನ್ನೂ ಕೇಳದೆ ಅವರ ಹಿಂದೆ ಓಡಿದಳು. ಹಳೇ ಪುಸ್ತಕಗಳ ಕೋಣೆಯ ಮುಂದೆ ಅಟೆಂಡರ್ ಗೊತ್ತುಮಾಡಿದ್ದ ಹಾಗೆ ಮೂರು ಸಲ ಬಡಿದು ತಮ್ಮ ಹೆಸರು ಹೇಳಿದರು. ಒಳಗಿನ ಹೊಸ ಚಿಲಕ ಸರಿಯುವ ಸದ್ದು ಕೇಳಿಸಿತು. ಒಮ್ಮೆಗೇ ಸರಿಯಲಿಲ್ಲ. ಬಲಗೈಯಿಂದಲೇ ಸರಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ಯಾರೂ ಅವಸರ ಮಾಡಲಿಲ್ಲ.

ಬಾಗಿಲು ತೆರೆಯಿತು. ಹದಿನೆಂಟನೆಯವಳು ಹದಿನೇಳನೆಯವಳ ಕೈ ಹಿಡಿದು, ನಿಯಮದಲ್ಲಿದ್ದ ಹಾಗೆ, ಮೇಲಕ್ಕೆ ಎತ್ತಿದಳು.

ದಾಖಲೆಯ ಕೊನೆಯ ನಮೂದನ್ನು ಅಲ್ಲೇ, ಗೋಡೆಗೆ ಪುಸ್ತಕ ಒರಗಿಸಿ ಬರೆದೆ. ‘ಇಲ್ಲ’ ಎಂದಾಗಿನಿಂದ ಬಾಗಿಲು ತೆರೆಯುವವರೆಗೆ ನಾಲ್ಕು ನಿಮಿಷ. ಬಾಗಿಲ ಕೆಳಗೆ ಒಂದು ಚೀಟಿ. ಅರ್ಧ ಹೊರಗೆ ಬಂದಿತ್ತು, ಅರ್ಧ ಇನ್ನೂ ಒಳಗೇ ಇತ್ತು. ಕಂಡದ್ದು.